ಹಿರಿಯರ ನೆನಪಿನಲ್ಲಿರುವ ಹೊಲದ ದಾಖಲೆ

ಕೆಲವು ವರ್ಷಗಳ ಹಿಂದೆ ಕಾಗವಾಡ ಭಾಗದ ಒಂದು ಹಳ್ಳಿಯಲ್ಲಿ ಕಬ್ಬು ಏಳದ ಎರಡು ಎಕರೆ ಹೊಲಕ್ಕೆ ನಾನು ಸಲಹೆ ಕೊಟ್ಟಿದ್ದೆ. ಮಣ್ಣು ಪರೀಕ್ಷೆಯಲ್ಲಿ ಕ್ಷಾರ ಕಂಡುಬಂದಿತ್ತು. ಜಿಪ್ಸಂ ಹಾಕಿ, ಸೆಣಬು ಬಿತ್ತಿ ಮಣ್ಣಿಗೆ ಸೇರಿಸಿರಿ ಎಂದೆ. ರೈತರು ಹಾಗೆಯೇ ಮಾಡಿದರು, ಖರ್ಚೂ ಆಯಿತು. ಮರುವರ್ಷ ನೋಡಿದರೆ ಹೊಲದ ನಡುವೆ ಒಂದು ಪಟ್ಟಿಯಲ್ಲಿ ಬಿಳಿ ಉಪ್ಪು ಮೊದಲಿನಂತೆಯೇ ಎದ್ದಿತ್ತು.

ಬದುವಿನ ಮೇಲೆ ಕುಳಿತಿದ್ದ ಪಕ್ಕದ ಹೊಲದ ಅಜ್ಜ ಹೇಳಿದರು: "ಸಾಹೇಬ್ರ, ಅದು ಹಳ್ಳದ ಹಾದಿರೀ. ನಾವು ಸಣ್ಣವ್ರಿದ್ದಾಗ ಅಲ್ಲೇ ಎತ್ತಿಗಿ ನೀರು ಕುಡಸ್ತಿದ್ವಿ. ಆಮ್ಯಾಲ ಮುಚ್ಚಿ ಸಪಾಟ ಮಾಡಿದ್ರು."

ಮೇಲೆ ಹಳ್ಳ ಮುಚ್ಚಿದ್ದರೂ ಒಳಗೆ ನೀರು ಹಳೆಯ ಹಾದಿಯಲ್ಲೇ ಬಂದು ನಿಲ್ಲುತ್ತಿತ್ತು. ಜಿಪ್ಸಂ ಮಣ್ಣಿನಿಂದ ಕ್ಷಾರವನ್ನು ಬಿಡಿಸೀತೇ ವಿನಾ, ಬಿಟ್ಟ ಉಪ್ಪು ಹರಿದುಹೋಗಲು ಬಸಿಗಾಲುವೆ ಬೇಕು. ಆ ಮಾತನ್ನು ಒಂದು ವರ್ಷ ಮೊದಲೇ ಕೇಳಬಹುದಿತ್ತು. ಕೇಳದೆ ಹೋದದ್ದು ನನ್ನ ತಪ್ಪು. ಅಂದಿನಿಂದ ಯಾವ ಊರಿಗೆ ಹೋದರೂ ಮೊದಲು ಹಿರಿಯರನ್ನು ಕೇಳಿ, ಅವರು ಒಪ್ಪಿದರೆ ಮಾತನ್ನು ಫೋನಿನಲ್ಲಿ ಹಿಡಿದಿಡುವ ರೂಢಿ ಮಾಡಿಕೊಂಡಿದ್ದೇನೆ. ವಾಚನಾಲಯಕ್ಕೆ ಬರುವ ರೈತ ಬಾಂಧವರೂ ಈ ಕೆಲಸವನ್ನು ಕೈಗೆತ್ತಿಕೊಳ್ಳಬಹುದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆ ಒಂದು ಆಯುಷ್ಯದಲ್ಲೇ ಗುರುತು ಸಿಗದಷ್ಟು ಬದಲಾಗಿದೆ. ಉಗಾರದ ಸಕ್ಕರೆ ಕಂಪನಿ 1939ರಲ್ಲಿ ಸ್ಥಾಪನೆಯಾಯಿತು. ಮುಂದೆ ಘಟಪ್ರಭೆಯ ಕಾಲುವೆ, ನದೀ ದಂಡೆಯ ಪಂಪುಗಳು, ಇನ್ನಷ್ಟು ಕಾರ್ಖಾನೆಗಳು ಬಂದವು. ಜೋಳ, ಕಡಲೆ, ಕುಸುಬಿ ಬೆಳೆಯುತ್ತಿದ್ದ ಎರೆಹೊಲಗಳಿಗೆ ಕಬ್ಬು ಬಂದಿತು. ಅದರ ಹಿಂದೆಯೇ ಅತಿ ನೀರಿನಿಂದ ಸವಳು-ಜವಳೂ ಬಂದಿತು. ಆಡಳಿತವೂ ಬದಲಾಯಿತು. ರಾಯಬಾಗ ಹಿಂದೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1956ರವರೆಗೆ ನಾವೆಲ್ಲ ಮುಂಬಯಿ ರಾಜ್ಯದವರು. ಹಳೆಯ ಕಾಗದಗಳು ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿವೆ. ಅವನ್ನು ಓದುವವರೇ ವಿರಳವಾದಾಗ ಅಜ್ಜ-ಅಜ್ಜಿಯರ ಮಾತಿನ ಬೆಲೆ ಇನ್ನೂ ಹೆಚ್ಚುತ್ತದೆ.

ಎಂಬತ್ತು ದಾಟಿದವರನ್ನು ಇಸವಿ ಕೇಳಿ ಪ್ರಯೋಜನವಿಲ್ಲ. "ಬಾವಿಗೆ ಮೋಟಾರು ಕೂಡಿಸಿದ್ದು ದೊಡ್ಡ ಬರಕ್ಕಿಂತ ಮುಂಚೆಯೋ, ಆಮೇಲೋ?" ಎಂದು ಕೇಳಬೇಕು. 1972ರ ಬರ ಆಗ ಬುದ್ಧಿ ಬಂದಿದ್ದ ಯಾರಿಗೂ ಮರೆತಿಲ್ಲ. ನಿಪ್ಪಾಣಿ ಸುತ್ತ 1981 ಇನ್ನೊಂದು ಗುರುತಿನ ಕಲ್ಲು. ಶರದ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕಿಗೆ ಯೋಗ್ಯ ಬೆಲೆ ಕೇಳಿ ರೈತರು ಹೆದ್ದಾರಿಯಲ್ಲಿ ವಾರಗಟ್ಟಲೆ ಕುಳಿತರು. ಏಪ್ರಿಲ್ 6ರಂದು ಗೋಳೀಬಾರಾಗಿ ರೈತರು ಪ್ರಾಣ ಕಳೆದುಕೊಂಡರು. ಅಲ್ಲಿಯ ಹಿರಿಯರು ಮದುವೆ, ಹೆರಿಗೆ, ಬಾವಿ ತೋಡಿದ್ದು ಎಲ್ಲವನ್ನೂ ಆ ಗದ್ದಲದ ಹಿಂದೆ ಅಥವಾ ಮುಂದೆ ಎಂದು ಲೆಕ್ಕ ಹಿಡಿಯುತ್ತಾರೆ.

ಮಹಾಪೂರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 2005, 2019, 2021ರ ಪೂರಗಳು ನೆನಪಿನಲ್ಲಿ ಒಂದರೊಳಗೊಂದು ಬೆರೆತುಹೋಗಿವೆ. ಎಷ್ಟು ನೀರು ಬಂದಿತ್ತು ಎಂದರೆ "ಭಾಳ ಬಂದಿತ್ತು" ಎಂಬ ಉತ್ತರವೇ ಸಿಗುತ್ತದೆ. ಗುಡಿಯ ಎಷ್ಟನೆಯ ಮೆಟ್ಟಿಲು, ಯಾರ ಮನೆಯ ಹೊಸ್ತಿಲು ಎಂದು ಸ್ಥಳಕ್ಕೇ ಕರೆದೊಯ್ದು ಕೇಳಿರಿ. ಇಬ್ಬರು ಬೇರೆಬೇರೆಯಾಗಿ ಅದೇ ಜಾಗ ತೋರಿಸಿದರೆ ಗೋಡೆಯ ಮೇಲೆ ಬಣ್ಣದಿಂದ ಗೆರೆ ಎಳೆದು ಇಸವಿ ಬರೆಯಿರಿ. ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಯಲ್ಲಿ ಹೊಸ ಮನೆಗೆ ಬುನಾದಿ ಹಾಕುವವನಿಗೆ ಆ ಗೆರೆ ಬೇಕು.

ಜಮೀನಿದ್ದವರನ್ನಷ್ಟೇ ಕೇಳಿದರೆ ಅರ್ಧ ಕಥೆಯೇ ಸಿಗುತ್ತದೆ. ಬಾವಿ ತೋಡಿದವರಿಗೆ ಎಷ್ಟು ಆಳದಲ್ಲಿ ಗರಸು, ಎಲ್ಲಿ ಕಲ್ಲು, ಎಲ್ಲಿ ಸಿಹಿ ನೀರು ಎಂಬುದು ಗೊತ್ತು. ಕಪಿಲೆಯ ತೊಗಲಿನ ಚೀಲ ಹೊಲಿದವರಿಗೆ ಯಾವ ಬಾವಿ ಬೇಸಿಗೆಯಲ್ಲೂ ನಡೆಯುತ್ತಿತ್ತೆಂಬುದು ಗೊತ್ತು. ಹೆಣ್ಣುಮಕ್ಕಳನ್ನು ಗಂಡಸರ ಮುಂದೆ ಕೇಳಿದರೆ "ನಮಗೇನ್ ತಿಳೀತೈತಿ" ಎನ್ನುತ್ತಾರೆ. ಅವರವರೇ ಕುಳಿತಾಗ ಇನ್ನೊಬ್ಬ ಹೆಣ್ಣುಮಗಳು ಕೇಳಲಿ. ಬೀಜಕ್ಕೆ ಯಾವ ತೆನೆ ಆರಿಸುತ್ತಿದ್ದರು, ಹಗೇವಿನ ಜೋಳ ಹೇಗೆ ಕೆಡದೆ ಉಳಿಯುತ್ತಿತ್ತು, ತಂಬಾಕಿನ ವಖಾರಿಯಲ್ಲಿ ದಿನಗೂಲಿ ಎಷ್ಟಿತ್ತು, ಆ ಧೂಳಿನಲ್ಲಿ ಎದೆ ಹೇಗಾಗುತ್ತಿತ್ತು ಎಂಬುದೆಲ್ಲ ಆಗ ಹೊರಬರುತ್ತದೆ.

ಸಾಧನವೇನೂ ಬೇಕಿಲ್ಲ. ಮನೆಯ ಹುಡುಗರ ಫೋನು, ಎರಡುನೂರು ಪುಟದ ಒಂದು ವಹಿ ಸಾಕು. ಹೇಳಿದವರ ಹೆಸರು, ವಯಸ್ಸು, ತಾರೀಖು, ಹೊಲದ ಸರ್ವೆ ನಂಬರು ಬರೆದುಕೊಳ್ಳಿರಿ. ಕನ್ನಡವಿರಲಿ ಮರಾಠಿಯಿರಲಿ, ಅವರು ಆಡಿದ ಮಾತನ್ನೇ ಬರೆಯಿರಿ, ತಿದ್ದಬೇಡಿರಿ. ಬದುವಿನ ತಂಟೆ, ಮನೆತನದ ಜಗಳ ಬಂದರೆ ಯಂತ್ರ ನಿಲ್ಲಿಸುವುದು ಲೇಸು. ಒಬ್ಬರ ಮಾತು ಕೋರ್ಟಿನ ಕಟ್ಟೆ ಹತ್ತಿತೆಂದರೆ ಮರುದಿನದಿಂದ ಊರಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಬದುವಿನ ಆ ಅಜ್ಜ ಹೋದ ಸುಗ್ಗಿಯಲ್ಲಿ ತೀರಿಕೊಂಡರು. ನನ್ನ ಫೋನಿನಲ್ಲಿ ಅವರ ಮಾತು ಹನ್ನೊಂದು ನಿಮಿಷದಷ್ಟಿದೆ. ಅದರಲ್ಲಿ ಇನ್ನೂ ಎರಡು ಮುಚ್ಚಿದ ಹಳ್ಳಗಳ ಗುರುತು ಹೇಳಿದ್ದಾರೆ. ಒಂದು ಸಿಕ್ಕಿತು, ಬಸಿಗಾಲುವೆಯನ್ನು ಅದರ ಜಾಡಿನಲ್ಲೇ ತೆಗೆದೆವು. ಇನ್ನೊಂದು ಜೋಡು ಬೇವಿನ ಮರದ ಮಗ್ಗುಲಿಗೆ ಹಾಯುತ್ತಿತ್ತಂತೆ. ಆ ಮರಗಳು ಈಗ ಇಲ್ಲ. ಅವು ನಿಂತಿದ್ದ ಜಾಗ ಬಲ್ಲವರನ್ನು ಊರಲ್ಲಿ ಇನ್ನೂ ಹುಡುಕುತ್ತಿದ್ದೇನೆ.