ಸಂಜ್ಞಾ ಭಾಷೆ ಕಲಿಯುವವರು ಕಿವುಡರ ಕೂಟಕ್ಕೆ ಹೋದಾಗ



ಚಂದಾಪುರದ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಕನ್ನಡ, ಉರ್ದು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ತಾಂಡೂರಿನ ಕಡೆಯಿಂದ ಬಂದವರೊಡನೆ ನೀವು ಹರಕುಮುರುಕು ತೆಲುಗಿನಲ್ಲೇ ಮಾತಿಗಿಳಿಯುತ್ತೀರಿ. ತಪ್ಪಿದರೆ ಅವರೂ ನಗುತ್ತಾರೆ, ನೀವೂ ನಗುತ್ತೀರಿ. ಆದರೆ ಸಂಜ್ಞಾ ಭಾಷೆಯ ಮೊದಲ ಪಾಠ ಕಲಿತವರು ಕಿವುಡರ ಕೂಟಕ್ಕೆ ಹೋಗಬೇಕೆಂದರೆ ಬಾಗಿಲಲ್ಲೇ ನಿಂತುಬಿಡುತ್ತಾರೆ. ಆಡುವ ಮಾತನ್ನು ಗೊಣಗಿ ಮುಚ್ಚಿಡಬಹುದು. ಕೈಯ ಮಾತು ಎಲ್ಲರ ಕಣ್ಣಿಗೂ ಬೀಳುತ್ತದೆ. ಭಯಕ್ಕೆ ಇದೇ ಮೂಲ.

ಪದಗಳನ್ನು ಈಗ ಮನೆಯಲ್ಲೇ ಕಲಿಯಬಹುದು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದಿತು. 2021ರ ಹೊತ್ತಿಗೆ ಅದು 10,000 ಪದಗಳಿಗೆ ಬೆಳೆಯಿತು. ಆದರೆ ನಿಘಂಟಿನ ವಿಡಿಯೋ ನಿಮ್ಮನ್ನು ತಿರುಗಿ ಪ್ರಶ್ನಿಸುವುದಿಲ್ಲ. ಅದಕ್ಕೆ ಜನ ಬೇಕು. ಸೆಪ್ಟೆಂಬರ್ ಕೊನೆಯ ವಾರ ಇದಕ್ಕೆ ಒಳ್ಳೆಯ ಕಾಲ. 1951ರ ಸೆಪ್ಟೆಂಬರಿನಲ್ಲಿ ವಿಶ್ವ ಕಿವುಡರ ಒಕ್ಕೂಟ ಸ್ಥಾಪನೆಯಾದ ನೆನಪಿಗೆ ವಿಶ್ವಸಂಸ್ಥೆಯು ಸೆಪ್ಟೆಂಬರ್ 23ನ್ನು ಸಂಜ್ಞಾ ಭಾಷೆಗಳ ದಿನವೆಂದು 2017ರಲ್ಲಿ ಘೋಷಿಸಿತು. ಕೂಟಗಳು ಹೆಚ್ಚಾಗಿ ದೊಡ್ಡ ಊರುಗಳಲ್ಲಿ ನಡೆಯುವುದರಿಂದ ಚಂದಾಪುರದವರು ಕಲಬುರಗಿಗೋ ಬೆಂಗಳೂರಿಗೋ ಹೋಗಬೇಕಾದೀತು.

ಆ ಕೂಟ ನಿಮ್ಮ ಅಭ್ಯಾಸಕ್ಕೆಂದು ಏರ್ಪಟ್ಟದ್ದಲ್ಲ ಎಂಬುದನ್ನು ಮೊದಲು ತಿಳಿಯಬೇಕು. ನಾವು ಭಾಷೆಯನ್ನು ತಾಯಿಯಿಂದ ಕಲಿಯುತ್ತೇವೆ. ಕಿವುಡ ಮಕ್ಕಳಲ್ಲಿ ಬಹುಪಾಲು ಹುಟ್ಟುವುದು ಕೇಳಬಲ್ಲ ತಂದೆತಾಯಿಯರಿಗೆ. ಆ ಮನೆಯಲ್ಲಿ ಸಂಜ್ಞಾ ಭಾಷೆ ಇರುವುದಿಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರು ತುಟಿಚಲನೆ ಓದಿ ಬಾಯಲ್ಲಿ ಮಾತನಾಡುವುದನ್ನೇ ಕಲಿಸಬೇಕೆಂದು ನಿರ್ಣಯಿಸಿದ ಮೇಲೆ ಅನೇಕ ದೇಶಗಳ ಶಾಲೆಗಳಿಂದಲೂ ಕೈಮಾತು ಹೊರಬಿತ್ತು. ಆದರೂ ಅದು ಉಳಿದದ್ದು ಹಾಸ್ಟೆಲ್ಲುಗಳಲ್ಲಿ, ಸಂಘಗಳಲ್ಲಿ, ಭಾನುವಾರದ ಹರಟೆಯಲ್ಲಿ.

ಇದಕ್ಕೆ ಅಪವಾದವೊಂದು ನಮ್ಮ ರಾಜ್ಯದಲ್ಲೇ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ವಂಶವಾಹಿ ಕಾರಣದಿಂದ ಕಿವುಡರ ಸಂಖ್ಯೆ ಹೆಚ್ಚು. ಅಲ್ಲಿ ಭಾರತೀಯ ಸಂಜ್ಞಾ ಭಾಷೆಗಿಂತ ಬೇರೆಯಾದ, ಊರಿನದೇ ಆದ ಕೈಮಾತು ಬೆಳೆದಿದೆ. ಭಾಷಾವಿಜ್ಞಾನಿ ಸಿಬಾಜಿ ಪಂಡಾ ಅದನ್ನು ದಾಖಲಿಸಿದ್ದಾರೆ. ಕೇಳಬಲ್ಲ ನೆರೆಹೊರೆಯವರಲ್ಲೂ ಅನೇಕರಿಗೆ ಅದು ಬರುತ್ತದೆ. ಬೇರೆ ಊರುಗಳ ಕಿವುಡರಿಗೆ ಕೂಟವೇ ಅಲೀಪುರ.

ವ್ಯಾಕರಣಕ್ಕೆ ಹೆದರುವಿರಾದರೆ, ಕನ್ನಡಿಗರಿಗೆ ಒಂದು ಅನುಕೂಲವಿದೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಪ್ರಶ್ನಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ‘ನಿನ್ನ ಹೆಸರು ಏನು’ ಎಂಬಂತೆ. ನಮ್ಮ ‘ಇಲ್ಲ’ದ ಹಾಗೆ ನಿಷೇಧವೂ ಕೊನೆಗೇ. ‘ಬಂದೆಯಾ’ ಎಂಬಲ್ಲಿ ಕೊನೆಯ ‘ಆ’ ಮಾಡುವ ಕೆಲಸವನ್ನು ಅಲ್ಲಿ ಮೇಲೇರಿದ ಹುಬ್ಬು, ಮುಂದೆ ಬಾಗಿದ ತಲೆ ಮಾಡುತ್ತವೆ. ಹಾಗಾಗಿ ಅಂಜಿಕೆಯಿಂದ ಮುಖ ಬಿಗಿದುಕೊಂಡು ಕೈ ಮಾತ್ರ ಆಡಿಸಿದರೆ ನಿಮ್ಮ ಪ್ರಶ್ನೆ ಪ್ರಶ್ನೆಯಾಗುವುದೇ ಇಲ್ಲ. ನೋಡುವಾಗಲೂ ಕೈಯನ್ನೇ ದಿಟ್ಟಿಸದೆ ಮುಖ ನೋಡಿ. ಕೈಗಳು ಕಣ್ಣಂಚಿಗೆ ತಾವೇ ಸಿಗುತ್ತವೆ.

ಟೆಲಿವಿಷನ್ನಿನವರಾದ ನಮಗೆ ಇದು ದಿನದ ಪಾಠ. ಸಂಜ್ಞೆ ಮಾಡುವವರ ಮುಖವನ್ನಷ್ಟೇ ಕ್ಯಾಮರಾ ಹತ್ತಿರದಿಂದ ತೋರಿಸಿದರೆ ಕಿವುಡ ವೀಕ್ಷಕರ ಪಾಲಿಗೆ ಧ್ವನಿ ನಿಂತಂತೆ. ಕೂಟದಲ್ಲೂ ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ, ಮುಖ ಕಪ್ಪಾಗಿ ಕಾಣುತ್ತದೆ. ಯಾರನ್ನಾದರೂ ಕರೆಯಬೇಕಾದರೆ ಭುಜವನ್ನು ಮೆಲ್ಲನೆ ತಟ್ಟಿ ಅಥವಾ ಕೈಬೀಸಿ. ಮಾತನಾಡುತ್ತಿರುವ ಇಬ್ಬರ ನಡುವೆ ದಾಟಬೇಕಾದರೆ ಸರಸರನೆ ದಾಟಿಬಿಡಿ. ಕ್ಷಮೆ ಕೇಳುತ್ತ ನಡುವೆ ನಿಂತರೆ ಅವರ ಮಾತೇ ಕಡಿದುಹೋಗುತ್ತದೆ.

ಮೊದಲು ಬರುವ ಪ್ರಶ್ನೆಗಳು ಬಹುಶಃ ಇವು: ನೀನು ಕಿವುಡನೋ, ಕೇಳುವವನೋ? ಯಾರಿಂದ ಕಲಿತೆ? ನೇರವಾಗಿ ಉತ್ತರಿಸಿ. ಅರ್ಥವಾಗದಿದ್ದಾಗ ತಲೆಯಾಡಿಸಬೇಡಿ; ‘ಮತ್ತೊಮ್ಮೆ, ನಿಧಾನವಾಗಿ’ ಎನ್ನಿ. ಹೆಚ್ಚಿನವರು ತಾಳ್ಮೆಯಿಂದ ಹೇಳುತ್ತಾರೆ. ಬೇಸರಪಟ್ಟು ಬೇರೆಡೆ ತಿರುಗುವವರೂ ಇರುತ್ತಾರೆ, ಅದು ಅವರ ಭಾನುವಾರ. ‘ಕಿವುಡ’ ಎಂಬುದನ್ನು ಬೈಗುಳವೆಂದು ಅವರು ಎಣಿಸುವುದಿಲ್ಲ, ಆದರೆ ‘ಮೂಗ’ ಎಂಬುದು ನೋಯಿಸುತ್ತದೆ. ಮಾತು ಅವರಿಗೆ ಧಾರಾಳವಾಗಿಯೇ ಇದೆಯಲ್ಲ!

ನೀವು ಗೆಳೆಯರೊಡನೆ ಹೋಗಿದ್ದರೆ ಪರಸ್ಪರ ಬಾಯಲ್ಲಿ ಮಾತನಾಡಿಕೊಳ್ಳಬೇಡಿ. ಮದುವೆಮನೆಯಲ್ಲಿ ಎಲ್ಲರೂ ನಗುವಾಗ ಕಿವುಡ ಹುಡುಗಿ ‘ಏನು?’ ಎಂದು ಕೇಳುತ್ತಾಳೆ. ‘ಏನಿಲ್ಲ, ಆಮೇಲೆ ಹೇಳ್ತೀನಿ’ ಎಂಬ ಉತ್ತರ ಬರುತ್ತದೆ. ಆ ‘ಆಮೇಲೆ’ ಬರುವುದೇ ಅಪರೂಪ. ಕೂಟದಲ್ಲಿ ನಗೆಯೆಲ್ಲ ನಿಮ್ಮನ್ನು ದಾಟಿ ಹೋದಾಗ ನಿಮಗಾಗುವ ಮುಜುಗರ ಎರಡು ಗಂಟೆಯದು, ಆಕೆಯದು ಮನೆಯಲ್ಲೇ, ದಿನವೂ.

ನಾಲ್ಕಾರು ಸಲ ಹೋಗುತ್ತಿದ್ದರೆ ಅವರೇ ನಿಮಗೊಂದು ಸಂಜ್ಞೆಯ ಹೆಸರಿಡುತ್ತಾರೆ: ಕೆನ್ನೆಯ ಗುಳಿಯನ್ನೋ ಕನ್ನಡಕವನ್ನೋ ಗುರುತಿಸಿ. ಅದನ್ನು ತಾನಾಗಿ ಇಟ್ಟುಕೊಳ್ಳುವ ಪದ್ಧತಿಯಿಲ್ಲ. ಇನ್ನೊಂದು ಮಾತು: ‘ಹೊರಡುತ್ತೇನೆ’ ಎಂದ ಮೇಲೆ ಒಬ್ಬೊಬ್ಬರಿಗೂ ಹೇಳಿ ಬಾಗಿಲು ದಾಟುವಷ್ಟರಲ್ಲಿ ಅರ್ಧ ಗಂಟೆಯಾದರೂ ಬೇಕು. ಕಲಬುರಗಿಯಿಂದ ಚಂದಾಪುರದ ಕೊನೆಯ ಬಸ್ಸು ಹಿಡಿಯಬೇಕಾದವರು ಆ ಅರ್ಧ ಗಂಟೆಯನ್ನೂ ಲೆಕ್ಕಕ್ಕೆ ಹಿಡಿದಿರಿ.