ಕಿವಿ ಕಟ್ಟಿದಾಗ: ಗುಗ್ಗೆಯೋ, ಒಳಗಿವಿಯ ದೋಷವೋ?



ಕಳೆದ ಶ್ರಾವಣ ಮಾಸದಲ್ಲಿ ಮೋಕ ಹೋಬಳಿಯ ಹಗರಿ ದಂಡೆಯ ಹಳ್ಳಿಯೊಂದರಿಂದ ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಅವರ ಮಗ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಪ್ರತಿವರ್ಷವೂ ಶ್ರಾವಣದ ಪ್ರವಚನಕ್ಕೆ ಮೊದಲ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ ಆ ಹಿರಿಯರು ಈ ಬಾರಿ ನಾಲ್ಕೇ ದಿನಕ್ಕೆ ಹೋಗುವುದನ್ನು ಬಿಟ್ಟಿದ್ದರು. ಕಾರಣ ಕೇಳಿದರೆ, "ಹೋಗಿ ಕುಂತ್ರೆ ಸ್ವಾಮ್ಯಾರ ಬಾಯಿ ಆಡೋದು ಕಾಣತೈತ್ರಿ, ಮಾತು ಕೇಳಂಗಿಲ್ಲ" ಎಂದರು. ಮಗ ನಡುವೆ ಬಾಯಿ ಹಾಕಿ, "ವಯಸ್ಸಾತಲ್ರಿ, ಕಿವಿ ಹೋಗ್ಯಾವು. ಮಿಷನ್ ಹಾಕ್ಸಬೇಕಂತ ಮಾಡೇವಿ" ಎಂದರು.

ನಾವು ಆಟೋಸ್ಕೋಪಿನಿಂದ ನೋಡಿದಾಗ ಎರಡೂ ಕಿವಿಗಳಲ್ಲಿ ಕಪ್ಪು ಗುಗ್ಗೆ ಹೆಂಟೆಯಂತೆ ಗಟ್ಟಿಯಾಗಿ ಕುಳಿತಿತ್ತು. ಕಿವಿತಮಟೆ ಕಾಣಿಸುತ್ತಲೇ ಇರಲಿಲ್ಲ. ನಾಲ್ಕು ದಿನ ಎಣ್ಣೆ ಬಿಟ್ಟು ಮೆತ್ತಗೆ ಮಾಡಿಸಿ, ಐದನೆಯ ದಿನ ಅದನ್ನು ತೆಗೆದೆವು. ಎರಡನೆಯ ಕಿವಿಯಿಂದ ಗುಗ್ಗೆ ಹೊರಬಂದ ಕೂಡಲೇ ಹಿರಿಯರು ತಲೆ ಎತ್ತಿ ಮೇಲೆ ನೋಡಿ, "ಈ ಫ್ಯಾನು ಇಷ್ಟು ಸದ್ದು ಮಾಡತೈತೇನ್ರಿ?" ಎಂದು ಕೇಳಿದರು. ಮರುದಿನದಿಂದ ಅವರು ಮತ್ತೆ ಪ್ರವಚನದ ಮೊದಲ ಸಾಲಿನಲ್ಲಿದ್ದರು.

ಇದು ಸುಲಭವಾಗಿ ಪರಿಹಾರವಾದ ಕಥೆ. ಇದೇ ಸೀಮೆಯಿಂದ ಹಿಂದೊಮ್ಮೆ ನಮ್ಮಲ್ಲಿಗೆ ಬಂದ ಇನ್ನೊಬ್ಬರ ಕಥೆ ಹೀಗೆ ಮುಗಿಯಲಿಲ್ಲ. ಅದನ್ನು ಮುಂದೆ ಹೇಳುತ್ತೇವೆ. ಎರಡನ್ನೂ ತಿಳಿದುಕೊಂಡರೆ, ಕಿವಿ ಕಟ್ಟಿದಾಗ ನಿಧಾನಿಸಬಹುದಾದುದು ಯಾವುದು, ತಡಮಾಡಬಾರದುದು ಯಾವುದು ಎಂಬುದು ಭಕ್ತರಿಗೆ ಸ್ಪಷ್ಟವಾಗುತ್ತದೆ.

ಗುಗ್ಗೆ ಕೊಳೆಯಲ್ಲ

ಆಯುರ್ವೇದವು ಕರ್ಣಮಲ ಎಂದು ಕರೆಯುವ ಗುಗ್ಗೆಯನ್ನು ಅನೇಕರು ಹೊರಗಿನಿಂದ ಬಂದು ಸೇರಿದ ಕೊಳೆ ಎಂದು ಭಾವಿಸುತ್ತಾರೆ. ಅದು ಹಾಗಲ್ಲ. ವಯಸ್ಕರ ಕಿವಿಯ ನಾಳ ಸುಮಾರು 2.5 ಸೆಂ.ಮೀ. ಉದ್ದವಿರುತ್ತದೆ. ಅದರ ಹೊರಗಿನ ಮೂರನೆಯ ಒಂದು ಭಾಗ ಮೃದ್ವಸ್ಥಿಯಿಂದಲೂ, ಒಳಗಿನ ಮೂರನೆಯ ಎರಡು ಭಾಗ ಗಟ್ಟಿ ಮೂಳೆಯಿಂದಲೂ ಆಗಿದೆ. ಗುಗ್ಗೆಯನ್ನು ಸ್ರವಿಸುವ ಗ್ರಂಥಿಗಳು ಇರುವುದು ಹೊರಭಾಗದಲ್ಲಿ ಮಾತ್ರ. ಆ ಸ್ರಾವವೂ ಉದುರಿದ ಚರ್ಮದ ಕಣಗಳೂ ಸೇರಿ ಗುಗ್ಗೆಯಾಗುತ್ತದೆ. ಅದು ಧೂಳನ್ನು ಹಿಡಿದಿಡುತ್ತದೆ, ನೀರು ಚರ್ಮಕ್ಕೆ ಇಳಿಯದಂತೆ ತಡೆಯುತ್ತದೆ ಮತ್ತು ತನ್ನ ಅಲ್ಪ ಆಮ್ಲಗುಣದಿಂದ ರೋಗಾಣುಗಳನ್ನೂ ಬೂಷ್ಟನ್ನೂ ಹತ್ತಿಕ್ಕುತ್ತದೆ.

ಇನ್ನೊಂದು ಸೋಜಿಗವೆಂದರೆ, ಕಿವಿ ತನ್ನನ್ನು ತಾನೇ ಶುಚಿಮಾಡಿಕೊಳ್ಳುತ್ತದೆ. ನಾಳದ ಚರ್ಮವು ಹೆಚ್ಚುಕಡಿಮೆ ಉಗುರು ಬೆಳೆಯುವಷ್ಟೇ ನಿಧಾನವಾಗಿ ಒಳಗಿನಿಂದ ಹೊರಕ್ಕೆ ಸರಿಯುತ್ತಿರುತ್ತದೆ. ನಾವು ರೊಟ್ಟಿ ಅಗಿಯುವಾಗ, ಮಾತನಾಡುವಾಗ ದವಡೆಯ ಚಲನೆ ಅದಕ್ಕೆ ನೆರವಾಗುತ್ತದೆ. ಹೀಗೆ ಹಳೆಯ ಗುಗ್ಗೆ ತಾನಾಗಿಯೇ ಕಿವಿಯ ಬಾಯಿಗೆ ಬಂದು ಉದುರುತ್ತದೆ. ಆದುದರಿಂದ ಬಹುಪಾಲು ಜನರಿಗೆ ಕಿವಿಯ ಒಳಗನ್ನು ಶುಚಿಮಾಡುವ ಕೆಲಸವೇ ಇಲ್ಲ.

ಕಿವಿ ಕಟ್ಟುವುದು ಏಕೆ?

ಹತ್ತಿಕಡ್ಡಿ, ಹೇರ್‌ಪಿನ್, ಬೆಂಕಿಕಡ್ಡಿ, ಬೈಕಿನ ಕೀಲಿಕೈ, ಕೋಳಿಪುಕ್ಕ ಇವುಗಳಲ್ಲಿ ಒಂದಲ್ಲ ಒಂದು ನಮ್ಮ ಜನರ ಕಿವಿಯನ್ನು ಹೊಕ್ಕಿರುತ್ತದೆ. ಹೊರಕ್ಕೆ ಬರುತ್ತಿದ್ದ ಗುಗ್ಗೆಯನ್ನು ಅವು ಗ್ರಂಥಿಗಳೇ ಇಲ್ಲದ ಒಳಭಾಗಕ್ಕೆ ಗಿಡಿಯುತ್ತವೆ. ಅಲ್ಲಿಂದ ಅದು ಸುಲಭವಾಗಿ ಮರಳಿ ಬಾರದು. ಹತ್ತಿಕಡ್ಡಿಯನ್ನು ಅಮೆರಿಕದಲ್ಲಿ 1923ರ ಸುಮಾರಿಗೆ ರೂಪಿಸಿದ್ದು ಮಗುವಿನ ಆರೈಕೆಗಾಗಿ. ಇಂದು ಅದರ ಡಬ್ಬಿಯ ಮೇಲೆಯೇ ಕಿವಿಯ ನಾಳದೊಳಗೆ ಹಾಕಬಾರದೆಂಬ ಎಚ್ಚರಿಕೆ ಇರುವುದುಂಟು. ಆದರೆ ಅದನ್ನು ಓದುವವರು ವಿರಳ.

ವಯಸ್ಸಾದಂತೆ ಗುಗ್ಗೆ ಒಣಗುತ್ತದೆ, ನಾಳದಲ್ಲಿ ಕೂದಲು ಒರಟಾಗುತ್ತದೆ. ಆದುದರಿಂದ ಹಿರಿಯರಲ್ಲಿ ಈ ತೊಂದರೆ ಹೆಚ್ಚು. ಶ್ರವಣಯಂತ್ರ ಧರಿಸುವವರಲ್ಲಿ, ಗಂಟೆಗಟ್ಟಲೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವ ತರುಣರಲ್ಲಿ, ಹುಟ್ಟಿನಿಂದಲೇ ನಾಳ ಕಿರಿದಾಗಿರುವವರಲ್ಲಿಯೂ ಗುಗ್ಗೆ ಹೊರಬರುವ ದಾರಿ ಅಡ್ಡಿಯಾಗುತ್ತದೆ. ನಮ್ಮ ಭಾಗದ ಅಕ್ಕಿ ಗಿರಣಿಗಳಲ್ಲಿ, ಮೆಣಸಿನಕಾಯಿ ಕಣಗಳಲ್ಲಿ ದುಡಿಯುವವರು ಕಿವಿ ಕೆರೆಯುತ್ತದೆಂದು ಪದೇ ಪದೇ ಕಡ್ಡಿ ಹಾಕುವುದನ್ನು ನಾವು ಕಂಡಿದ್ದೇವೆ. ಧೂಳು ಮಾಡುವ ಹಾನಿಗಿಂತ ಆ ಕಡ್ಡಿ ಮಾಡುವ ಹಾನಿಯೇ ಹೆಚ್ಚು.

"ನಿನ್ನೆವರೆಗೂ ಕೇಳುತ್ತಿತ್ತು, ಇಂದು ತಲೆಸ್ನಾನ ಮಾಡಿದ ಮೇಲೆ ಒಮ್ಮೆಲೇ ಕಟ್ಟಿತು" ಎಂದು ಹೇಳಿಕೊಂಡು ಬರುವವರು ಬಹಳ ಮಂದಿ. ಇದಕ್ಕೆ ಕಾರಣ ಸರಳ. ಗುಗ್ಗೆ ಎಷ್ಟೇ ತುಂಬಿದ್ದರೂ ಕೂದಲೆಳೆಯಷ್ಟು ಸಂದು ಉಳಿದಿದ್ದರೆ ಶಬ್ದ ಒಳಗೆ ಹೋಗುತ್ತದೆ. ಸ್ನಾನದಲ್ಲೋ, ಕಾಲುವೆಯ ಈಜಿನಲ್ಲೋ ನೀರು ಹೊಕ್ಕರೆ ಗುಗ್ಗೆ ಉಬ್ಬಿ ಆ ಸಂದನ್ನೂ ಮುಚ್ಚಿಬಿಡುತ್ತದೆ. ಕಿವಿ ತುಂಬಿದಂತಿರುವುದು, ತನ್ನ ಮಾತು ತನಗೇ ಗವಿಯಲ್ಲಿ ಆಡಿದಂತೆ ಕೇಳಿಸುವುದು, ಗುಂಯ್‌ಗುಡುವುದು, ತುರಿಕೆ, ಕೆಲವರಿಗೆ ಕಾರಣವಿಲ್ಲದ ಒಣಕೆಮ್ಮು ಇವೆಲ್ಲ ಗುಗ್ಗೆಯ ಲಕ್ಷಣಗಳಾಗಿರಬಹುದು.

ಸುಶ್ರುತಾಚಾರ್ಯರು ಹೇಳಿದ್ದೇನು?

ಸುಶ್ರುತ ಸಂಹಿತೆಯ ಉತ್ತರತಂತ್ರದ 20ನೆಯ ಅಧ್ಯಾಯದಲ್ಲಿ 28 ಕರ್ಣರೋಗಗಳ ವಿವರಣೆ ಇದೆ. ಅವುಗಳಲ್ಲಿ ಒಂದು ಕರ್ಣಗೂಥ. ಪಿತ್ತದ ಉಷ್ಣದಿಂದ ಕಿವಿಯ ಕಫವು ಒಣಗಿ ಗಟ್ಟಿಯಾಗುವುದೇ ಈ ರೋಗ. ಮುಂದಿನ ಅಧ್ಯಾಯದಲ್ಲಿ ಇದರ ಚಿಕಿತ್ಸೆಯನ್ನು ಮೂರು ಹೆಜ್ಜೆಗಳಲ್ಲಿ ಹೇಳಿದ್ದಾರೆ: ಎಣ್ಣೆಯಿಂದ ತೇವಗೊಳಿಸುವುದು, ಸ್ವೇದದಿಂದ ಕರಗಿಸುವುದು, ಅನಂತರ ಶಲಾಕೆಯಿಂದ ತೆಗೆಯುವುದು. ಕಣ್ಣು, ಕಿವಿ, ಮೂಗು, ಗಂಟಲುಗಳ ಚಿಕಿತ್ಸೆಗೆ ಆಯುರ್ವೇದದಲ್ಲಿ ಶಾಲಾಕ್ಯ ತಂತ್ರ ಎಂಬ ಹೆಸರು ಬಂದುದೇ ಈ ಶಲಾಕೆಯಿಂದ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಶಲಾಕೆಯನ್ನು ಹಿಡಿಯಬೇಕಾದವನು ಭಿಷಕ್, ಅಂದರೆ ವೈದ್ಯ, ಎಂದೇ ಆಚಾರ್ಯರು ಹೇಳಿದ್ದಾರೆ. "ಹಿಂದಿನವರೂ ಕಡ್ಡಿ ಹಾಕುತ್ತಿದ್ದರಲ್ಲ" ಎಂದು ವಾದಿಸುವವರಿಗೆ ಇದೇ ಉತ್ತರ. ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ಕಿವಿ ಶುಚಿಮಾಡುವುದಾಗಿ ಹೇಳಿ ತಂತಿ ಹಿಡಿದು ಬರುವವರಿಗೆ ಕಿವಿಯೊಡ್ಡುವುದು ಶಾಸ್ತ್ರಕ್ಕೂ ಒಪ್ಪುವುದಿಲ್ಲ, ವಿವೇಕಕ್ಕೂ ಒಪ್ಪುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು?

ಕಿವಿ ಸೋರುವಿಕೆ, ನೋವು, ಹಿಂದೆ ತಮಟೆ ತೂತಾದದ್ದು, ಕಿವಿಯ ಶಸ್ತ್ರಚಿಕಿತ್ಸೆ ಇವಾವುವೂ ಇಲ್ಲದವರು, ತಮ್ಮದು ಗುಗ್ಗೆಯೇ ಎಂದು ವೈದ್ಯರು ನೋಡಿ ಹೇಳಿದ ಮೇಲೆ ಈ ಕ್ರಮವನ್ನು ಅನುಸರಿಸಬಹುದು.

ಶುದ್ಧ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಮೈಶಾಖಕ್ಕೆ ಸಮನಾಗಿ ಬೆಚ್ಚಗೆ ಮಾಡಿ, ಮುಂಗೈಯ ಮೇಲೆ ಒಂದು ಹನಿ ಬಿಟ್ಟು ಪರೀಕ್ಷಿಸಬೇಕು. ಮಗ್ಗುಲಾಗಿ ಮಲಗಿ, ಕಟ್ಟಿದ ಕಿವಿಗೆ 3 ಅಥವಾ 4 ಹನಿ ಬಿಟ್ಟು, ಐದು ನಿಮಿಷ ಹಾಗೆಯೇ ಇರಬೇಕು. ಬಳಿಕ ಎದ್ದು, ಹೊರಬಂದುದನ್ನು ಬಟ್ಟೆಯಿಂದ ಒರಸಿಕೊಳ್ಳಬೇಕು. ದಿನಕ್ಕೆ ಎರಡು ಬಾರಿಯಂತೆ ಮೂರರಿಂದ ಐದು ದಿನ ಸಾಕು. ಮೊದಲೆರಡು ದಿನ ಗುಗ್ಗೆ ಉಬ್ಬಿ ಕಿವಿ ಇನ್ನಷ್ಟು ಕಟ್ಟಿದಂತಾಗಬಹುದು. ಅದಕ್ಕೆ ಗಾಬರಿ ಬೇಡ. ಹಲವರಿಗೆ ಇಷ್ಟರಿಂದಲೇ ಗುಗ್ಗೆ ಕರಗಿ ಬರುತ್ತದೆ. ಬಾರದಿದ್ದರೆ ವೈದ್ಯರು ಮೈಶಾಖದ ನೀರನ್ನು ಚಿಮ್ಮಿಸಿಯೋ, ಹೀರುವ ಯಂತ್ರದಿಂದಲೋ, ಉಪಕರಣದಿಂದಲೋ ತೆಗೆಯುತ್ತಾರೆ. ನೀರು ತಣ್ಣಗಿದ್ದರೂ ಬಿಸಿಯಿದ್ದರೂ ತಲೆಸುತ್ತು ಬರುತ್ತದೆ. ಆದುದರಿಂದ ಇದನ್ನು ಮನೆಯಲ್ಲಿ ಪ್ರಯತ್ನಿಸಬಾರದು.

ಬೆಳ್ಳುಳ್ಳಿ ಹುರಿದ ಕುದಿಯೆಣ್ಣೆಯನ್ನು ಮಕ್ಕಳ ಕಿವಿಗೆ ಹುಯ್ಯುವ ರೂಢಿಯನ್ನು ತಾಯಂದಿರು ದಯವಿಟ್ಟು ಬಿಡಬೇಕು. ನಾಳವೂ ತಮಟೆಯೂ ಸುಟ್ಟ ಮಕ್ಕಳನ್ನು ನಾವು ಕಂಡಿದ್ದೇವೆ. ಕಿವಿಯಲ್ಲಿ ಮೇಣದ ಬತ್ತಿ ಉರಿಸಿ ಗುಗ್ಗೆ ಸೆಳೆಯುವ ವಿಧಾನವೊಂದು ಈಗ ಮೊಬೈಲಿನಲ್ಲಿ ಹರಿದಾಡುತ್ತಿದೆ. ಅದರಿಂದ ಗುಗ್ಗೆ ಬರುವುದಿಲ್ಲ, ಸುಟ್ಟಗಾಯ ಬರುತ್ತದೆ. ಮಗು ಜೋಳವನ್ನೋ ಕಡಲೆಯನ್ನೋ ಕಿವಿಗೆ ಹಾಕಿಕೊಂಡರೆ ನೀರು ಹಾಕಬಾರದು, ಕಾಳು ಉಬ್ಬುತ್ತದೆ. ಗಡಿಯಾರದ ಗುಂಡಿ ಸೆಲ್ ಹೊಕ್ಕಿದ್ದರೆ ಏನನ್ನೂ ಹಾಕದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಕಿವಿಯ ಸಣ್ಣ ಗೀರೂ ಮೂಳೆಗೆ ಹಬ್ಬುವ ಸೋಂಕಾಗಬಹುದು. ಅವರು ಯಾವ ಪ್ರಯೋಗಕ್ಕೂ ಕೈ ಹಾಕಬಾರದು.

ನಮ್ಮಿಂದಾದ ಒಂದು ತಪ್ಪು

ಇನ್ನು ಆರಂಭದಲ್ಲಿ ಹೇಳಿದ ಎರಡನೆಯ ಕಥೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ನಾವು ವೃತ್ತಿಯಲ್ಲಿ ಇನ್ನೂ ಹೊಸಬರು. ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ನಲವತ್ತರ ಆಸುಪಾಸಿನ ರೈತರೊಬ್ಬರು ಬಂದರು. ಬೆಳಿಗ್ಗೆ ಏಳುವಾಗಲೇ ಬಲಗಿವಿ ಕಟ್ಟಿದೆ, ಗುಂಯ್ ಎನ್ನುತ್ತಿದೆ, ತುಸು ತಲೆ ಸುತ್ತುತ್ತಿದೆ ಎಂದರು. ಆಗ ನಮ್ಮಲ್ಲಿ ಆಟೋಸ್ಕೋಪ್ ಇರಲಿಲ್ಲ. ಟಾರ್ಚ್ ಬೆಳಕಿನಲ್ಲಿ ನೋಡಿದಾಗ ಕಿವಿಯ ಬಾಯಲ್ಲಿ ಒಂದಿಷ್ಟು ಗುಗ್ಗೆ ಕಂಡಿತು. "ಗುಗ್ಗೆ, ಎಣ್ಣೆ ಬಿಡಿ" ಎಂದು ಹೇಳಿ ಕಳುಹಿಸಿದೆವು. ಅವರು ಹತ್ತು ದಿನ ಶ್ರದ್ಧೆಯಿಂದ ಎಣ್ಣೆ ಬಿಟ್ಟರು. ಗುಣವಾಗಲಿಲ್ಲ. ಅನಂತರ ತಜ್ಞರಲ್ಲಿಗೆ ಕಳುಹಿಸಿದಾಗ, ಕಟ್ಟಿದ್ದು ಗುಗ್ಗೆಯಿಂದಲ್ಲ, ಒಳಗಿವಿಯ ನರಕ್ಕೇ ಪೆಟ್ಟಾಗಿದೆ, ಮೊದಲ ದಿನಗಳಲ್ಲೇ ಬಂದಿದ್ದರೆ ಚೆನ್ನಾಗಿತ್ತು ಎಂದು ತಿಳಿದುಬಂದಿತು.

ಆ ಕಿವಿ ಮರಳಲಿಲ್ಲ. ಬೇಗ ಹೋಗಿದ್ದರೆ ಖಂಡಿತ ಮರಳುತ್ತಿತ್ತೆಂದು ಯಾರೂ ಹೇಳಲಾರರು. ಆದರೆ ಆ ಅವಕಾಶವನ್ನು ಕಳೆದವರು ನಾವು. ಅವರು ಇಂದಿಗೂ ನಮ್ಮಲ್ಲಿಗೆ ಬರುತ್ತಾರೆ, ಒಂದು ದಿನವೂ ನಮ್ಮನ್ನು ದೂರಿಲ್ಲ. ನಮ್ಮೆದುರು ಕುಳಿತಾಗಲೆಲ್ಲ ತಲೆಯನ್ನು ಬಲಕ್ಕೆ ಹೊರಳಿಸಿ ಎಡಗಿವಿಯನ್ನು ಮುಂದೆ ಮಾಡುತ್ತಾರೆ. ಅದನ್ನು ಕಂಡಾಗಲೆಲ್ಲ ಆ ಹತ್ತು ದಿನಗಳು ನಮಗೆ ನೆನಪಾಗುತ್ತವೆ. ಆಟೋಸ್ಕೋಪಿನಿಂದ ನೋಡದೆ ಯಾರ ಕಿವಿಗೂ ಎಣ್ಣೆ ಬಿಡಲು ಹೇಳಬಾರದೆಂಬ ನಿಯಮವನ್ನು ನಾವು ಅಂದಿನಿಂದ ಮೀರಿಲ್ಲ.

ಬಾಯಿ ಮುಚ್ಚಿ "ಮ್" ಎನ್ನುವ ಪರೀಕ್ಷೆ

ಇವೆರಡರ ವ್ಯತ್ಯಾಸವನ್ನು ಮನೆಯಲ್ಲಿಯೇ ಸ್ವಲ್ಪಮಟ್ಟಿಗೆ ಊಹಿಸಬಹುದು. ಈಗಲೇ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ, ತುಟಿ ಸೇರಿಸಿ, ಓಂಕಾರದ ಕೊನೆಯ "ಮ್" ನಾದವನ್ನು ಎಳೆದು ನೋಡಿರಿ. ನಾದ ಮುಚ್ಚಿದ ಕಿವಿಯ ಕಡೆಗೇ ಜೋರಾಗಿ ಕೇಳುತ್ತದೆ. ಮೂಳೆಯ ಮೂಲಕ ಒಳಗಿವಿಗೆ ತಲುಪಿದ ಶಬ್ದಕ್ಕೆ ಹೊರಗೆ ಹೋಗಲು ದಾರಿಯಿಲ್ಲದಿರುವುದೂ, ಹೊರಗಿನ ಸದ್ದು ಅಡ್ಡ ಬಾರದಿರುವುದೂ ಇದಕ್ಕೆ ಕಾರಣ. ಒಂದು ಕಿವಿಯಲ್ಲಿ ಗುಗ್ಗೆ ಕಟ್ಟಿದಾಗಲೂ ಹೀಗೆಯೇ: ನಾದ ಕಟ್ಟಿದ ಕಿವಿಯತ್ತ ವಾಲುತ್ತದೆ. ನರದ ದೋಷವಿದ್ದರೆ ಇದಕ್ಕೆ ವಿರುದ್ಧವಾಗಿ, ನಾದ ಚೆನ್ನಾಗಿರುವ ಕಿವಿಯಲ್ಲಿ ಜೋರಾಗಿ ಕೇಳುತ್ತದೆ. ಜರ್ಮನಿಯ ವೆಬರ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ವೈದ್ಯರು ಶ್ರುತಿಕವೆಯನ್ನು ಹಣೆಯ ಮೇಲಿಟ್ಟು ಮಾಡುವ ಪರೀಕ್ಷೆಯ ತತ್ತ್ವವೂ ಇದೇ ಆಗಿದೆ.

ಇದು ಸೂಚನೆಯೇ ಹೊರತು ತೀರ್ಪಲ್ಲ. ಎರಡೂ ಕಿವಿ ಕಟ್ಟಿದ್ದರೆ ಇದು ಉಪಯೋಗಕ್ಕೆ ಬಾರದು. ನಾದ ಚೆನ್ನಾಗಿರುವ ಕಿವಿಯತ್ತ ಹೋದರೆ, ಅಥವಾ ನಿಶ್ಚಯವಾಗದಿದ್ದರೆ, ಅಂದೇ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಾದಾಗ, ಜೊತೆಗೆ ತಲೆಸುತ್ತು ಅಥವಾ ಹೊಸದಾಗಿ ಗುಂಯ್‌ಗುಡುವಿಕೆ ಇದ್ದಾಗಲಂತೂ ಕಾಯಲೇಬಾರದು. ಇಂಥ ನರದೋಷಕ್ಕೆ ಸ್ಟೀರಾಯ್ಡ್ ಚಿಕಿತ್ಸೆಯನ್ನು ಮೊದಲ ಎರಡು ವಾರಗಳೊಳಗೆ, ಸಾಧ್ಯವಾದಷ್ಟೂ ಮೊದಲ ದಿನಗಳಲ್ಲೇ ಆರಂಭಿಸಬೇಕು. ಮುಖ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ತುರ್ತು ಚಿಕಿತ್ಸೆಗೇ ಧಾವಿಸಬೇಕು. ಆಯುರ್ವೇದ ವೈದ್ಯರಾದ ನಾವು ಇದನ್ನು ಹೇಳಲು ಸಂಕೋಚಪಡುವುದಿಲ್ಲ. ಯಾವ ಪದ್ಧತಿ ಎಲ್ಲಿ ಕೈಹಿಡಿಯುತ್ತದೆ ಎಂದು ಅರಿಯುವುದೂ ವೈದ್ಯಧರ್ಮವೇ.

ಮೋಕ, ಸಿರುಗುಪ್ಪ, ಕುರುಗೋಡು ಭಾಗದವರಿಗೆ ಬಳ್ಳಾರಿ ದೂರವಲ್ಲ. ಜನರು ವಿಮ್ಸ್ ಎಂದೇ ಕರೆದು ರೂಢಿಯಾಗಿರುವ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿದೆ. ಒಂದು ದಿನದ ಕೂಲಿ ಹೋದೀತೆಂದು ಒಂದು ಕಿವಿಯನ್ನು ಕಳೆದುಕೊಳ್ಳಬಾರದು.

ಗುರುವು ಶಿಷ್ಯನಿಗೆ ಮಂತ್ರವನ್ನು ಉಪದೇಶಿಸುವುದು ಕಿವಿಯಲ್ಲಿ. ಅಂಥ ಕಿವಿಗೆ ಕಡ್ಡಿ ಹಾಕುವುದು ಬೇಡ. ಮನೆಯ ಹಿರಿಯರು ಮಾತು ಕೇಳಿಸದೆ ಮೂಲೆ ಹಿಡಿದಿದ್ದರೆ "ವಯಸ್ಸಾಯಿತು" ಎಂದು ಕೈಬಿಡದೆ ಒಮ್ಮೆ ಕಿವಿ ತೋರಿಸಿರಿ. ಅಡ್ಡವಾಗಿರುವುದು ಬರೀ ಒಂದು ಹರಳು ಗುಗ್ಗೆ ಇರಬಹುದು. ತರುಣರ ಕಿವಿ ಒಮ್ಮೆಲೇ ಕಟ್ಟಿದರೆ "ಗುಗ್ಗೆ ಇರಬೇಕು" ಎಂದು ಸುಮ್ಮನಾಗದೆ ಅಂದೇ ತೋರಿಸಿರಿ. ಅದು ಗುಗ್ಗೆ ಅಲ್ಲದಿರಬಹುದು.