ಹಲಸಿನ ಮರಕ್ಕೆ ಬಾಗಿದ ಬೇಲಿ

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ನಾವು ಊರಿನಲ್ಲಿ ಬಾಲ್ಯದಿಂದ ಕೇಳಿಬಂದವರು. ಬೇಲಿ ಎದ್ದು ಮರವನ್ನೂ ಮೇಯಬಲ್ಲದೆಂಬುದು ಮಾತ್ರ ಕಲ್ಕತ್ತೆಯಲ್ಲಿ ನಮ್ಮದೇ ಹಿತ್ತಲಿಗೆ ಬೇಲಿ ಹಾಕಿಸಲು ಹೊರಟಾಗ ತಿಳಿಯಿತು.

ಬೆಹಾಲಾದ ಒಳಗಲ್ಲಿಯೊಂದರಲ್ಲಿ ನಮ್ಮ ಮನೆ. ಹಿತ್ತಲಿನಾಚೆ ನೆರೆಯ ಮಾಸಿಮಾ ಅವರ ಜಾಗ, ಅದರ ತುದಿಗೆ ಒಂದು ಪುಕುರ್. ಎರಡು ಹಿತ್ತಲುಗಳ ನಡುವೆ ಇದ್ದ ಬಿದಿರು ಬೇಲಿಯನ್ನು 2020ರ ಮೇ 20ರಂದು ಬಂದ ಅಂಫಾನ್ ಚಂಡಮಾರುತ ನೆಲಕ್ಕೆ ಮಲಗಿಸಿತು. ಆಮೇಲೆ ತಗಡು, ಹಗ್ಗ, ಮುರಿದ ಮಂಚದ ಚೌಕಟ್ಟು ಇವುಗಳಿಂದ ಕಾಲ ನೂಕಿದೆವು. ಸರ್ಕಾರಿ ಗುಮಾಸ್ತರಿಗೆ ಯಾವ ಕಡತವನ್ನಾದರೂ ಮುಂದಕ್ಕೆ ಹಾಕುವುದು ಕಷ್ಟವಲ್ಲ. ಆದರೆ ಒಂದು ಬೆಳಗ್ಗೆ ನಮ್ಮ ಮೂರು ವರ್ಷದ ಮಗ ತಗಡಿನ ಸಂದಿಯಲ್ಲಿ ನುಸುಳಿಹೋಗಿ ಪುಕುರಿನ ಪಾವಟಿಗೆಯ ಮೇಲೆ ಕುಳಿತಿದ್ದ. ಬಟ್ಟೆ ಒಗೆಯಲು ಬಂದ ಮಾಸಿಮಾ ಅವನನ್ನು ಎತ್ತಿಕೊಂಡು ಬಂದು ನಮ್ಮ ಮನೆಯವರ ಕೈಗಿತ್ತರು. ಅಂದು ನಾವು ಕಚೇರಿಗೆ ಹೋಗಲಿಲ್ಲ.

ಮರುದಿನವೇ ಬಂದ ಮೇಸ್ತ್ರಿ ದಾರ ಹಿಡಿದು ಅಳೆದ. ಇಟ್ಟಿಗೆ ಗೋಡೆ, ಎರಡಡಿ ಆಳದ ಪಾಯ, ನಾಲ್ಕು ದಿನದ ಕೆಲಸ. ದಾರ ನೇರವಾಗಿ ಹೋಗಿ ಹಲಸಿನ ಮರದ ಬುಡಕ್ಕೆ ತಗುಲಿತು. ಮಾಸಿಮಾ ಅವರ ಯಜಮಾನರು ನೆಟ್ಟ ಮರ ಅದು, ಅವರು ಈಗಿಲ್ಲ. ಚೈತ್ರ ಬಂತೆಂದರೆ ಎಂಚೋರ್ ಎಂದು ಎಳೆಗಾಯಿ ನಮಗೆ ಬರುತ್ತದೆ, ನಮ್ಮಲ್ಲಿ ಅದು ಹುಳಿಯಾಗಿ ಒಂದು ಬಟ್ಟಲು ಅವರಿಗೆ ಮರಳುತ್ತದೆ. ವಿಷಯ ತಿಳಿಸಿದಾಗ ಅವರು, "ಬಾಬಾ, ನಿಮ್ಮ ಮಗುವಿಗಿಂತ ಮರ ಹೆಚ್ಚೇ?" ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಪಶ್ಚಿಮ ಬಂಗಾಳದಲ್ಲಿ 2006ರ ಮರ ಸಂರಕ್ಷಣೆಯ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. "ಕಡಿಯುವುದು ಬೇಡ, ಬೇರು ಮಾತ್ರ ಸವರಿದರಾಯಿತು" ಎಂದ ಮೇಸ್ತ್ರಿ. ಇದೇ ಹೆಚ್ಚು ಮೋಸದ್ದು. ಮರಕ್ಕೆ ನೀರುಣಿಸುವ ಬೇರುಗಳು ಬಹುಪಾಲು ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲಿಯೇ ಹರಡಿರುತ್ತವೆ, ಕೊಂಬೆಯ ನೆರಳನ್ನೂ ದಾಟಿ ಹೋಗುತ್ತವೆ. ಪಾಯದ ಕಾಲುವೆ ಒಂದು ಮಗ್ಗುಲಿನ ಬೇರನ್ನೆಲ್ಲ ಕತ್ತರಿಸಿದರೆ ಮರ ಕೆಲಕಾಲ ಹಸುರಾಗಿಯೇ ಕಾಣುತ್ತದೆ; ಮುಂದೊಂದು ಕಾಲಬೈಶಾಖಿಯ ಸಂಜೆ ಯಾರದೋ ಸೂರಿನ ಮೇಲೆ ಒರಗುತ್ತದೆ. ಅಂಫಾನಿನಲ್ಲಿ ಈ ನಗರದ ಸಾವಿರಾರು ಮರ ಬಿದ್ದುದನ್ನು ನಾವೇ ಕಂಡಿದ್ದೇವೆ.

ಹೀಗೆ ಮನಸ್ಸು ಹೊಯ್ದಾಡುತ್ತಿರುವಾಗ ಒಂದು ಭಾನುವಾರ ಮಗನನ್ನು ಶಿಬಪುರದ ಸಸ್ಯೋದ್ಯಾನಕ್ಕೆ ಕರೆದೊಯ್ದೆವು. 1787ರಲ್ಲಿ ರಾಬರ್ಟ್ ಕಿಡ್ ಸ್ಥಾಪಿಸಿದ ತೋಟವದು. ಅಲ್ಲಿಯ ದೊಡ್ಡ ಆಲದ ನಡುಬೊಡ್ಡೆ 1864 ಮತ್ತು 1867ರ ಚಂಡಮಾರುತಗಳಿಂದ ಘಾಸಿಗೊಂಡು, ಅಣಬೆ ರೋಗ ಹತ್ತಿ, 1925ರಲ್ಲಿ ತೆಗೆಯಲ್ಪಟ್ಟಿತು. ಆದರೂ ಬಿಳಲುಗಳನ್ನೂರಿ ಮರ ಹಬ್ಬುತ್ತಲೇ ಇದೆ. ಅದರ ಸುತ್ತ 330 ಮೀಟರಿನ ರಸ್ತೆ ಹಾಕಿದರು. ಮರ ಆ ರಸ್ತೆಯನ್ನೂ ದಾಟಿತು. ಅಲ್ಲಿ ಮನುಷ್ಯನ ಗೆರೆಯೇ ಮರಕ್ಕೆ ಸೋತಿದೆ. ನಮ್ಮ ಮೇಸ್ತ್ರಿಯ ದಾರವೇನು ಮಹಾ ಎನಿಸಿತು.

ಗೋಡೆಯ ಯೋಚನೆ ಬಿಟ್ಟೆವು. ಬೂಡಕ್ಕೆ ಟಾರು ಬಳಿದ ಶಾಲ ಮರದ ಗೂಟಗಳು, ಅವಕ್ಕೆ ಬಿಗಿದ ಬಿದಿರ ಸೀಳು, ಇಷ್ಟೇ. ಗೂಟಕ್ಕೆ ಆರಡಿಗೊಂದು ಬಿಡಿ ಗುಣಿ ಸಾಕು, ಉದ್ದದ ಕಾಲುವೆ ಬೇಡ. ಮರದ ಸಮೀಪದ ಗುಣಿಗಳನ್ನು ನಾವೇ ಕೈಯಿಂದ ಮೆಲ್ಲಗೆ ತೋಡಿದೆವು. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕಿದರೆ ಗುಣಿ ಮುಚ್ಚಿ ಒಂದು ಗೇಣು ಸರಿದೆವು. ಒಂದು ಗೂಟಕ್ಕಂತೂ ಮೂರು ಸಲ ಜಾಗ ಬದಲಾಯಿತು! ಬೊಡ್ಡೆಗೆ ಮೊಳೆ ಹೊಡೆಯಲಿಲ್ಲ, ತಂತಿ ಸುತ್ತಲಿಲ್ಲ. ಮರ ದಪ್ಪವಾದಂತೆ ತಂತಿ ತೊಗಟೆಯೊಳಕ್ಕೆ ಹೂತುಹೋಗುತ್ತದೆ. ತೋಡಿದ ಮಣ್ಣನ್ನು ಬುಡಕ್ಕೆ ಒಟ್ಟಲೂ ಇಲ್ಲ, ಒಟ್ಟಿದರೆ ತೊಗಟೆ ಕೊಳೆಯುತ್ತದೆ.

ಮರದ ಬಳಿ ಬೇಲಿ ಯಾವ ಕಡೆಗೆ ಬಾಗಬೇಕೆಂಬುದೇ ತೊಡಕಿನ ಪ್ರಶ್ನೆ. ನಮ್ಮ ಕಡೆಗೇ ಬಾಗಿಸಿದೆವು. ಬೊಡ್ಡೆಯಿಂದ ಮೂರಡಿ ಬಿಟ್ಟು ಬಿಲ್ಲಿನಂತೆ ತಿರುಗಿಸಿದ್ದರಿಂದ ಒಂದು ಚಾಪೆ ಹಾಸುವಷ್ಟು ನೆಲ ಆಚೆಗಾಯಿತು. ಅಲ್ಲಿದ್ದ ಬಸಳೆಯ ಚಪ್ಪರ ಹೋದುದಕ್ಕೆ ನಮ್ಮ ಮನೆಯವರು ಎರಡು ದಿನ ಮಾತು ಕಡಿಮೆ ಮಾಡಿದರು. ಆಮೇಲೆ ಬಸಳೆ ತಾನೇ ಬೇಲಿಗೆ ಹಬ್ಬಿತು.

ಕಚೇರಿಯ ಬುದ್ಧಿ ಬಿಟ್ಟೀತೇ? 1963ರ ಕಾಲಮಿತಿ ಕಾಯಿದೆಯಂತೆ ಪರರ ನೆಲವನ್ನು ಹನ್ನೆರಡು ವರ್ಷ ಬಹಿರಂಗವಾಗಿ ತನ್ನದೆಂದೇ ಅನುಭವಿಸಿದವನು ಹಕ್ಕು ಸಾಧಿಸಬಹುದು. ಒಡೆಯನ ಒಪ್ಪಿಗೆಯಿಂದ ಇದ್ದವನಿಗೆ ಆ ವಾದವಿಲ್ಲ. ನಾಳೆ ಮಕ್ಕಳ ಕಾಲಕ್ಕೆ ಜಗಳ ಬೇಡವೆಂದು, ಬೇಲಿಯ ಈ ಬಾಗು ಮರಕ್ಕಾಗಿ ನಮ್ಮ ಒಪ್ಪಿಗೆಯಿಂದ ಆದದ್ದು, ಗಡಿ ಹಳೆಯ ಗೆರೆಯಲ್ಲಿಯೇ ಇದೆಯೆಂದು ಎರಡು ಪ್ರತಿ ಬರೆದು ಅವರ ಮುಂದಿಟ್ಟೆವು. ಸಂಕೋಚದಿಂದಲೇ ಕೊಟ್ಟದ್ದು. ಮಾಸಿಮಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಬಂಗಾಳಿಯ ಒಂದು ಕಾಗುಣಿತ ತಿದ್ದಿ, ರುಜು ಹಾಕಿದರು.

ಈಗ ಅವರಿಗೊಂದು ಬೇಡಿಕೆಯಿದೆ: ಎಂಚೋರ್ ಕೊಡಲು ಗಲ್ಲಿ ಸುತ್ತಿ ಬರಲಾಗದು, ಬೇಲಿ ಬಾಗಿದಲ್ಲಿ ಒಂದು ಪುಟ್ಟ ಬಾಗಿಲಿಡಿಸಬೇಕಂತೆ. ಚಿಲಕ ಮಾತ್ರ ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿರಬೇಕೆಂದು ಅವರೇ ಹೇಳಿದ್ದಾರೆ. ಬಡಗಿ ಬರುವ ಭಾನುವಾರ ಬರುತ್ತೇನೆಂದಿದ್ದಾನೆ.